ಬಿಡುಗಡೆ ಬೇರೆ, ಸ್ವಾತಂತ್ರ್ಯ ಬೇರೆ

ಶ್ರೀರಂಗಪಟ್ಟಣದ ಕೋಟೆಯೊಳಗೆ, ರಂಗನಾಥಸ್ವಾಮಿ ದೇವಾಲಯದಿಂದ ತುಸು ದೂರದಲ್ಲಿ, ಕಾವೇರಿಯ ಕಡೆಗಿನ ಗೋಡೆಯ ಮಗ್ಗುಲಲ್ಲಿ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಒಂದು ಕಟ್ಟಡವಿದೆ. ಕಮಾನುಗಳ ಮೇಲೆ ನಿಂತಿರುವ, ಸುಣ್ಣ ಬಳಿದ ಈ ಉದ್ದನೆಯ ಕೊಠಡಿಗೆ ಕರ್ನಲ್ ಬೈಲಿಯ ಬಂದೀಖಾನೆ ಎಂದು ಹೆಸರು. ಗೋಡೆಗೆ ನಾಟಿದ ಕಲ್ಲುಚಪ್ಪಡಿಗಳಲ್ಲಿ ತೂತುಗಳಿವೆ. ಕೈದಿಗಳ ಸಂಕೋಲೆಯನ್ನು ಬಿಗಿಯಲು ಅವನ್ನು ಕೊರೆಯಲಾಗಿತ್ತೆಂದು ಹೇಳುತ್ತಾರೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಆ ತೂತುಗಳಲ್ಲಿ ಬೆರಳಿಟ್ಟು ನೋಡುತ್ತಾರೆ. ಕಾಲುಗಂಟೆಯಲ್ಲಿ ಬಸ್ಸು ದರಿಯಾ ದೌಲತ್ತಿನ ಕಡೆಗೆ ಹೊರಡುತ್ತದೆ. ಇಲ್ಲಿ ಸೆರೆಯಿದ್ದವನಿಗೆ ಸ್ವಾತಂತ್ರ್ಯವೆಂದರೆ ಏನಾಗಿತ್ತು, ಬಾಗಿಲು ತೆರೆದ ಮೇಲೆ ಅವನು ಅದನ್ನು ಏನು ಮಾಡಿದ ಎಂಬ ಪ್ರಶ್ನೆ ಮಾತ್ರ ಆ ಕೊಠಡಿಯೊಳಗೇ ಉಳಿದುಬಿಡುತ್ತದೆ.

ಈ ಪ್ರಶ್ನೆ ಬಯಲುಸೀಮೆಯ ಒಂದು ಊರಿಗೆ ಸೇರಿದ್ದೆಂದು ಮಲೆಯ ಜನ ಸುಮ್ಮನಿರುವಂತಿಲ್ಲ. ಆ ಕೋಟೆಯನ್ನು ಬಳಸಿ ಹರಿಯುವ ನೀರು ಮಲೆಯಿಂದ ಇಳಿದದ್ದು. ಆ ಊರಿನ ಸೆರೆಯಲ್ಲಿ ನವೆದವರಲ್ಲಿ ಮಲೆಯವರೂ ಇದ್ದರು. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಇಂದು ಸ್ವಾತಂತ್ರ್ಯ ಎಂಬ ಪದವನ್ನು ಎಲ್ಲರಿಗಿಂತ ಗಟ್ಟಿಯಾಗಿ ಉಚ್ಚರಿಸುವವರು ಗುಡ್ಡ ಒಡೆಯುವವರು, ಹೊಳೆಯ ದಂಡೆಯನ್ನು ಬೇಲಿ ಹಾಕಿ ಮಾರುವವರು. "ಜಮೀನು ನನ್ನದು, ಪರವಾನಗಿ ನನ್ನಲ್ಲಿದೆ, ದೇಶ ಸ್ವತಂತ್ರವಾಗಿದೆ, ಅಡ್ಡಬರಲು ನೀವು ಯಾರು?" ಎಂಬ ಸವಾಲನ್ನು ಕೇಳದ ಗ್ರಾಮಸಭೆ ವಿರಳ. ಇದಕ್ಕೆ ಉತ್ತರ ಹುಡುಕುವವರು ಮೊದಲು ಸೆರೆಮನೆಯ ಕಡೆಗೆ ನೋಡಬೇಕು. ಏಕೆಂದರೆ ಸ್ವಾತಂತ್ರ್ಯದ ಬೆಲೆಯನ್ನು ಅದನ್ನು ಕಳೆದುಕೊಂಡವನಷ್ಟು ಸರಿಯಾಗಿ ತೂಗಿದವರು ಬೇರೆ ಯಾರೂ ಇಲ್ಲ.

ಬಾಗಿಲು ತೆರೆದ ಮೇಲೆ

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ಮೈಸೂರಿನವರಿಗೆ ಸೋತು ಶರಣಾಯಿತು. ಸೆರೆಸಿಕ್ಕವರನ್ನು ಶ್ರೀರಂಗಪಟ್ಟಣಕ್ಕೆ ತರಲಾಯಿತು. ಬೈಲಿ 1782ರಲ್ಲಿ ಸೆರೆಯಲ್ಲಿಯೇ ತೀರಿಕೊಂಡ. ಅವನೊಡನೆ ಸೆರೆಯಾಗಿದ್ದ ಡೇವಿಡ್ ಬೈರ್ಡ್ ಎಂಬ ಕ್ಯಾಪ್ಟನ್ ಗಾಯಗೊಂಡ ಮೈಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಇದೇ ಊರಿನಲ್ಲಿ ಬಂಧಿಯಾಗಿದ್ದು, 1784ರ ಮಂಗಳೂರು ಒಪ್ಪಂದದ ಬಳಿಕ ಹೊರಬಂದ. ಹದಿನೈದು ವರ್ಷಗಳ ನಂತರ, 1799ರ ಮೇ 4ರ ಮಧ್ಯಾಹ್ನ, ಬೇಸಿಗೆಯಲ್ಲಿ ಬತ್ತಿದ ಕಾವೇರಿಯನ್ನು ದಾಟಿ ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಇದೇ ಬೈರ್ಡ್. ಮಲೆನಾಡಿನ ಮಳೆ ಇಳಿದು ಹೊಳೆ ತುಂಬುವ ಮುನ್ನ ಮುತ್ತಿಗೆಯನ್ನು ಮುಗಿಸಲೇಬೇಕೆಂಬ ಆತುರ ಕಂಪನಿಯ ಸೈನ್ಯಕ್ಕಿತ್ತು. ಟಿಪ್ಪು ಸುಲ್ತಾನ ಅಂದು ಮಡಿದ. ಆ ರಾತ್ರಿ ಊರು ಲೂಟಿಯಾಯಿತು. ಸೆರೆಯ ನೋವನ್ನು ಮೈಯಲ್ಲಿ ಹೊತ್ತವನು ಮರಳಿ ಬಂದದ್ದು ಸೆರೆಯನ್ನು ಇಲ್ಲವಾಗಿಸಲು ಅಲ್ಲ. ಒಂದು ನಾಡನ್ನೇ ಕಂಪನಿಯ ಅಂಕೆಗೆ ಒಪ್ಪಿಸಲು.

ಸೆರೆಹಾಕಿದವನ ಮನೆಯನ್ನೂ ಸೆರೆ ಬಿಡಲಿಲ್ಲ. 1792ರ ಒಪ್ಪಂದದಂತೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಕಾರ್ನ್‌ವಾಲಿಸನ ಕೈಗೆ ಒತ್ತೆಯಾಗಿ ಮದರಾಸಿಗೆ ಹೋಗಬೇಕಾಯಿತು. ಅವರು ಮರಳಿದ್ದು 1794ರಲ್ಲಿ. 1799ರ ನಂತರ ಆ ಕುಟುಂಬವನ್ನು ವೆಲ್ಲೂರಿನ ಕೋಟೆಯಲ್ಲಿಡಲಾಯಿತು. 1806ರ ಸಿಪಾಯಿದಂಗೆಯ ಬಳಿಕ ಕಲ್ಕತ್ತೆಗೆ ಸಾಗಿಸಲಾಯಿತು.

ಮಲೆಯ ಕಡೆಯ ಕಥೆ ಇನ್ನೂ ಕಟುವಾದುದು. ಕೊಡಗಿನ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದ ಕೋಟೆಯ ಸೆರೆಯಿಂದ 1788ರ ಕೊನೆಯಲ್ಲಿ ತಪ್ಪಿಸಿಕೊಂಡ. ಕಾಡಿನಲ್ಲಿ ಜನ ಕಟ್ಟಿದ, ನಾಡನ್ನು ಮರಳಿ ಪಡೆದ. ಆದರೆ 1790ರಲ್ಲಿ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ಒಬ್ಬ ಒಡೆಯನ ಭಯಕ್ಕೆ ಇನ್ನೊಬ್ಬ ಒಡೆಯನ ನೆರಳು ಸೇರಿದ. 1834ರಲ್ಲಿ ಅದೇ ಕಂಪನಿ ಕೊಡಗನ್ನು ನುಂಗಿತು; ಅವನ ತಮ್ಮನ ಮಗ ಚಿಕ್ಕವೀರರಾಜೇಂದ್ರ ಪದಚ್ಯುತನಾಗಿ ಕಾಶಿಗೆ ಹೋದ, ಕಡೆಗೆ ಲಂಡನ್ನಿನಲ್ಲಿ ಸತ್ತ. ಮುಂದಿನ ದಶಕಗಳಲ್ಲಿ ಮಲೆಯ ಕಾಡು ಬಿಳಿಯರ ಕಾಫಿ ತೋಟಗಳಿಗೆ ದಾರಿ ಬಿಟ್ಟುಕೊಟ್ಟಿತು. ಸೆರೆಯಿಂದ ಓಡಿಬಂದವನಿಗೆ ಬಿಡುಗಡೆ ದೊರಕಿತ್ತು, ಸ್ವಾತಂತ್ರ್ಯ ದೊರಕಲಿಲ್ಲ.

ಇದೇ ಶ್ರೀರಂಗಪಟ್ಟಣದ ಸೆರೆಯಿಂದ ಕೋಟೆ ಬಿದ್ದ ಗದ್ದಲದಲ್ಲಿ ಹೊರಬಂದ ಇನ್ನೊಬ್ಬ ಧೊಂಡಿಯ ವಾಘ್. ಅವನು ದಂಡು ಕಟ್ಟಿ ಬ್ರಿಟಿಷರೊಡನೆ ಕಾದಾಡಿದ ಶೂರನೆಂಬುದು ನಿಜ. ಆದರೆ ಬಿಡುಗಡೆಯಾದೊಡನೆ ಅವನು ತಾಳಿದ ಬಿರುದು 'ಎರಡು ಲೋಕಗಳ ಒಡೆಯ' ಎಂಬುದು. 1800ರ ಸೆಪ್ಟೆಂಬರಿನಲ್ಲಿ ರಣರಂಗದಲ್ಲಿ ಅವನು ಬಿದ್ದಾಗ ಬಿಡುಗಡೆಗೆ ಹದಿನಾರು ತಿಂಗಳಷ್ಟೇ ಆಗಿತ್ತು. ಒಂದು ಕೊಠಡಿಯ ಒಡೆತನವೂ ಇಲ್ಲದಿದ್ದವನಿಗೆ ಎರಡು ಲೋಕಗಳ ಒಡೆತನಕ್ಕಿಂತ ಕಡಿಮೆಯಾದುದು ಸ್ವಾತಂತ್ರ್ಯವೆಂದು ತೋರಲಿಲ್ಲ.

ಈ ಎಲ್ಲರ ಬಾಳೂ ಒಂದೇ ಮಾತನ್ನು ಹೇಳುತ್ತದೆ. ಬಾಗಿಲು ತೆರೆಯುವುದು ಬಿಡುಗಡೆ. ಅದು ಹೊರಗಿನವರು ಕೊಡುವ ವಸ್ತು, ಕೊಟ್ಟವರೇ ಕಿತ್ತುಕೊಳ್ಳಬಹುದಾದ ವಸ್ತು. ಬಿಡುಗಡೆ ಪಡೆದವನು ತನಗೆ ತಾನೇ ಒಂದು ಎಲ್ಲೆ ಹಾಕಿಕೊಳ್ಳದಿದ್ದರೆ ಮುಂದಿನ ಸೆರೆಮನೆಯ ಬೀಗದ ಕೈ ಅವನ ಸೊಂಟದಲ್ಲೇ ತೂಗುತ್ತದೆ.

ಇಲ್ಲಿ ಒಂದು ಕಹಿಮಾತನ್ನು ಹೇಳದೆ ಮುಂದುವರಿಯುವಂತಿಲ್ಲ. 2015ರಿಂದ ಕೆಲವು ವರ್ಷ ಪ್ರತಿ ನವೆಂಬರಿನಲ್ಲಿ ಟಿಪ್ಪುವಿನ ಹೆಸರಿನಲ್ಲಿ ಸರ್ಕಾರಿ ಜಯಂತಿ ನಡೆಯಿತು. ಮೊದಲ ವರ್ಷವೇ ಮಡಿಕೇರಿಯಲ್ಲಿ ಗಲಭೆಯಾಗಿ ಜೀವ ಹೋಯಿತು. 2019ರಲ್ಲಿ ಜಯಂತಿ ನಿಂತಿತು. ಜೈಕಾರ ಹಾಕಿದವರೂ ಧಿಕ್ಕಾರ ಕೂಗಿದವರೂ ರಾಜನನ್ನು ನೋಡಿದರೇ ಹೊರತು ಕೈದಿಯನ್ನು ನೋಡಲಿಲ್ಲ. ಕೊಡಗಿನಿಂದ, ಕೆನರಾದ ಕರಾವಳಿಯಿಂದ ಕುಟುಂಬಸಮೇತ ಜನರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು ನಡೆದ ಸಂಗತಿ. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ, ಸೆರೆಯ ಬಗ್ಗೆ ಇಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಕೆಲವು ಮನೆಗಳಲ್ಲಿ ನರಕ ಚತುರ್ದಶಿಯಂದು ಇಂದಿಗೂ ಹಬ್ಬವಿಲ್ಲ. ಅಂದು ಪ್ರಾಣ ಕಳೆದುಕೊಂಡ ಹಿರಿಯರ ನೆನಪು ಅವರಿಗೆ ದೀಪಾವಳಿಯನ್ನು ಮರೆಸಿದೆ. ಅಷ್ಟೇ ನಿಜವಾದುದು, ಆ ದೊರೆಯನ್ನು ಕೊಂದು ಬಂದ ಕಂಪನಿ ತಂದದ್ದು ಬಿಡುಗಡೆಯಲ್ಲ ಎಂಬುದು. ಇನ್ನೂರು ವರ್ಷಗಳ ಹಿಂದಿನ ಸಂಕೋಲೆಗಾಗಿ ಬೀದಿಗಿಳಿದು ಬಡಿದಾಡುವವರು ಇಂದಿನ ಸಂಕೋಲೆಯನ್ನು ಕಂಡರೆ ತಲೆ ತಗ್ಗಿಸಿ ನಡೆಯುತ್ತಾರೆ. ರಾಜರ ಜಗಳದಲ್ಲಿ ಜನ ಮುಳುಗಿರುವುದು ಗುಡ್ಡ ಒಡೆಯುವವನಿಗೆ ಎಷ್ಟು ಅನುಕೂಲವೆಂಬುದನ್ನು ವಿವರಿಸಬೇಕಾಗಿಲ್ಲ.

ಬಾಗಿಲನ್ನು ತಾವೇ ತಟ್ಟಿದವರು

ಇನ್ನೊಂದು ಬಗೆಯ ಕೈದಿಗಳನ್ನೂ ಈ ಸೀಮೆ ಕಂಡಿದೆ. 1938ರ ಏಪ್ರಿಲಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಧ್ವಜ ಹಾರಿಸಬಾರದೆಂಬ ನಿಷೇಧಾಜ್ಞೆಯನ್ನು ಮೀರಿ ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಧ್ವಜವನ್ನೇರಿಸಿ ಬಂಧಿತರಾದರು. ಒಬ್ಬರ ಹಿಂದೆ ಒಬ್ಬರು ಮುಂದೆ ಬಂದು ಸೆರೆಯಾದರು. ಘಟ್ಟದ ಮೇಲಿನ ಸಿರ್ಸಿ, ಸಿದ್ಧಾಪುರಗಳ ರೈತರು ಅದಕ್ಕೂ ಕೆಲವು ವರ್ಷ ಮೊದಲೇ ಕರನಿರಾಕರಣೆ ಮಾಡಿ ತೋಟ, ಗದ್ದೆ, ಪಾತ್ರೆಪಗಡಗಳನ್ನೂ ಕಳೆದುಕೊಂಡು ಜೈಲು ಸೇರಿದ್ದರು.

ವಿದ್ಯಾರ್ಥಿಗಳು ಗಮನಿಸಬೇಕಾದ ವರ್ಷ 1947. ಆಗಸ್ಟ್ 15ರಂದು ದೇಶ ಸ್ವತಂತ್ರವಾಯಿತೆಂದು ಪಠ್ಯಪುಸ್ತಕ ಹೇಳುತ್ತದೆ. ಮೈಸೂರು ಸಂಸ್ಥಾನದ ಜನ ಅದಾದ ಎರಡೇ ವಾರಕ್ಕೆ, ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರ ಬೇಕೆಂದು 'ಮೈಸೂರು ಚಲೋ' ಚಳವಳಿ ಹೂಡಿ ಜೈಲು ತುಂಬಿದರು. ಕೆ.ಸಿ. ರೆಡ್ಡಿಯವರೂ ಸೆರೆಯಾದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅವನ ಹೆಸರಿನ ವೃತ್ತ ಇಂದಿಗೂ ಆ ನಗರದಲ್ಲಿದೆ. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂದ ತಿಂಗಳುಗಳಲ್ಲೇ ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಸೇರಿದ ಆ ಜನರಿಗೆ ಅದರ ಅರ್ಥ ಕ್ಯಾಲೆಂಡರಿನ ಒಂದು ದಿನಾಂಕವಾಗಿರಲಿಲ್ಲ.

ಅಂಥ ಕೈದಿಗೆ ಒಳಗೆ ಏನಿತ್ತು? ಅಳತೆಯ ಮುದ್ದೆ, ಅಳತೆಯ ನೀರು, ಗಂಟೆ ಬಾರಿಸಿದಾಗ ಏಳುವುದು, ಗಂಟೆ ಬಾರಿಸಿದಾಗ ಮಲಗುವುದು. ಆದರೆ ಒಂದು ವಸ್ತು ಅವನ ಕೈಯಲ್ಲೇ ಉಳಿದಿತ್ತು. ಮುಚ್ಚಳಿಕೆ ಬರೆದುಕೊಟ್ಟು, ಇನ್ನು ಇಂಥ ಕೆಲಸಕ್ಕೆ ಕೈಹಾಕುವುದಿಲ್ಲವೆಂದು ಸಹಿ ಮಾಡಿದರೆ ಸಂಜೆಯೊಳಗೆ ಮನೆ ಸೇರಬಹುದಿತ್ತು. ಬಾಗಿಲಿನ ಬೀಗ ಅಧಿಕಾರಿಯ ಬಳಿಯಿದ್ದರೂ ಸಹಿ ಕೈದಿಯ ಬಳಿಯಿತ್ತು. "ಒಲ್ಲೆ" ಎಂದವನು ಗೋಡೆಯೊಳಗಿದ್ದೂ ಸ್ವತಂತ್ರ. ಮನೆಯಲ್ಲಿ ಹೆಂಡತಿ ಮಕ್ಕಳು ಹಸಿದಿರುವಾಗ, ಸುಗ್ಗಿ ಹೊಲದಲ್ಲಿ ಉದುರುತ್ತಿರುವಾಗ ಹೇಳಿದ ಒಲ್ಲೆ ಅದು, ಅಗ್ಗದ್ದಲ್ಲ.

ಬೈರ್ಡನ ಬಿಡುಗಡೆಗೂ ಈ ಸತ್ಯಾಗ್ರಹಿಯ ಸ್ವಾತಂತ್ರ್ಯಕ್ಕೂ ಇರುವ ಅಂತರ ಇಲ್ಲಿದೆ. ಮೊದಲನೆಯದು ಮನಬಂದಂತೆ ಮಾಡುವ ಶಕ್ತಿ. ಎರಡನೆಯದು ಮಾಡಬಾರದ್ದನ್ನು ಒಲ್ಲೆನೆನ್ನುವ ಶಕ್ತಿ. ಮೊದಲು ತನ್ನ ಆಸೆಗೆ, ಆಮೇಲೆ ತನ್ನ ಒಡೆಯನಿಗೆ. ಯಾವ ಊರಿನ ಸ್ವಾತಂತ್ರ್ಯವನ್ನಾದರೂ ಈ ಒಂದು ಒರೆಗಲ್ಲಿಗೆ ಉಜ್ಜಿ ನೋಡಬಹುದು: ಅಲ್ಲಿನ ಬಡವನು ಒಲ್ಲೆನೆಂದು ಹೇಳಿ ಬದುಕಿ ಉಳಿಯಬಲ್ಲನೇ?

ಅದೇ ಸೀಮೆ, ಅದೇ ಸಂಕೋಲೆ

ಆ ಒರೆಗಲ್ಲನ್ನು ಮೊದಲು ಶ್ರೀರಂಗಪಟ್ಟಣ ತಾಲ್ಲೂಕಿಗೇ ಹಿಡಿಯಬೇಕು. ಕೋಟೆ ಬಿದ್ದು ಎರಡು ಶತಮಾನ ಕಳೆದಿದ್ದ 2000ನೆಯ ಇಸವಿಯಲ್ಲಿ ಆ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲುಗಣಿಯಲ್ಲಿ ಕಾಲಿಗೆ ಕಬ್ಬಿಣದ ಸಂಕೋಲೆ ತೊಟ್ಟು ಕಲ್ಲು ಒಡೆಯುತ್ತಿದ್ದ ಜೀತದಾಳುಗಳು ಪತ್ತೆಯಾದರು. ಇದು ಉಪಮೆಯಲ್ಲ, ಅಲಂಕಾರವಲ್ಲ; ಕಬ್ಬಿಣದ ಸಂಕೋಲೆ. ಜೀತಪದ್ಧತಿಯನ್ನು ರದ್ದುಮಾಡಿದ ಕಾನೂನು 1976ರಲ್ಲೇ ಬಂದಿತ್ತು. ಬಂದೀಖಾನೆಯ ಕಲ್ಲಿನ ತೂತಿಗೆ ಪ್ರವಾಸಿಗಳು ಬೆರಳಿಟ್ಟು ನಿಟ್ಟುಸಿರುಬಿಡುತ್ತಿದ್ದ ದಿನಗಳಲ್ಲೇ ಅದೇ ತಾಲ್ಲೂಕಿನಲ್ಲಿ ಜೀವಂತ ಕಾಲುಗಳು ಸಂಕೋಲೆಯಲ್ಲಿದ್ದವು.

ಎಲ್ಲ ಗಣಿಗಳಲ್ಲೂ ಸಂಕೋಲೆಯಿದೆಯೆಂದು ಯಾರೂ ಹೇಳುವುದಿಲ್ಲ. ಅದರ ಅಗತ್ಯವೂ ಬಹಳ ಕಡೆ ಇಲ್ಲ. ಮುಂಗಡ ಎಂಬ ಕಣ್ಣಿಗೆ ಕಾಣದ ಸಂಕೋಲೆ ಸಾಕು. ಮದುವೆಗೋ ಕಾಯಿಲೆಗೋ ಪಡೆದ ಮುಂಗಡ ತೀರುವವರೆಗೆ ಒಡೆಯನನ್ನು ಬಿಟ್ಟು ಹೋಗುವಂತಿಲ್ಲ. ಕೂಲಿಯಲ್ಲಿ ಅದು ತೀರುವುದೂ ಇಲ್ಲ. "ಗಣಿ ನಿಂತರೆ ಕೂಲಿಕಾರನ ಹೊಟ್ಟೆಯ ಗತಿಯೇನು?" ಎಂದು ಕೇಳುವ ಮಾಲೀಕರು ಈ ಲೆಕ್ಕವನ್ನು ಮೊದಲು ಬಿಚ್ಚಿಡಲಿ. ಮನುಷ್ಯನನ್ನು ಕಟ್ಟಿಹಾಕದೆ ಬೆಟ್ಟವನ್ನು ಅಷ್ಟು ಅಗ್ಗವಾಗಿ ಒಡೆಯಲಾಗದು. ನೆಲದ ಲೂಟಿಗೂ ಮನುಷ್ಯನ ಜೀತಕ್ಕೂ ಹೊಕ್ಕುಳಬಳ್ಳಿಯ ಸಂಬಂಧವಿದೆ.

ಪಾಂಡವಪುರಕ್ಕೆ ಹೋದರೆ ಬೇಬಿ ಬೆಟ್ಟ. ಅಲ್ಲಿನ ಕಲ್ಲುಗಣಿಗಳ ಸಿಡಿತ ವರ್ಷಗಟ್ಟಲೆ ನಡೆಯಿತು. 2018ರಲ್ಲಿ ಸೀಮೆಯೆಲ್ಲ ಬೆಚ್ಚುವಂತೆ ಭಾರಿ ಸದ್ದು ಕೇಳಿದಾಗ ಕನ್ನಂಬಾಡಿ ಕಟ್ಟೆಯ ಭದ್ರತೆಯ ಪ್ರಶ್ನೆ ದೊಡ್ಡದಾಗಿ ಎದ್ದಿತು. 2024ರ ಜನವರಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. ಆ ಆಜ್ಞೆ ಸ್ವಾಗತಾರ್ಹ. ಆದರೆ ಹಳ್ಳಿಯವರ "ಒಲ್ಲೆ" ಎಂಬ ಮಾತಿಗೆ ಬೆಲೆ ಇದ್ದಿದ್ದರೆ ವ್ಯಾಜ್ಯ ಅಷ್ಟು ದೂರ ಹೋಗಬೇಕಾಗಿತ್ತೇ? ಆ ಕಟ್ಟೆಯಲ್ಲಿ ನಿಲ್ಲುವುದು ತಲಕಾವೇರಿಯ ನೀರು, ಮೂಡಿಗೆರೆಯ ಕಡೆಯಿಂದ ಬರುವ ಹೇಮಾವತಿಯ ನೀರು, ಕೊಡಗಿನ ಲಕ್ಷ್ಮಣತೀರ್ಥದ ನೀರು. 1911ರಲ್ಲಿ ಕೆಲಸ ಶುರುವಾದ ಈ ಕಟ್ಟೆಗಾಗಿ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ಹೊಲಮನೆ ಬಿಟ್ಟು ಎದ್ದುಹೋದವು. ಅಷ್ಟು ಜನರ ತ್ಯಾಗದ ಮೇಲೆ ನಿಂತ ಕಟ್ಟೆಯ ಪಕ್ಕದಲ್ಲಿ ಸಿಡಿಮದ್ದು ಇಡುವುದು ಯಾರ ಸ್ವಾತಂತ್ರ್ಯ?

ನಾಲೆಯ ನೀರು ಬಂದ ಊರುಗಳು ಅನ್ನ ಕಂಡವು, ಅದನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ನೀರಿನ ಜೊತೆಗೆ ಒಂದು ಹೊಸ ಕಟ್ಟೂ ಬಂತು. ಒಂದು ಬೆಳೆ ಕಬ್ಬಿಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಉಳಿದದ್ದೆಲ್ಲ ನಾಲೆಯಿಂದಲೋ ಕೊಳವೆ ಬಾವಿಯಿಂದಲೋ ಬರಬೇಕು. ಕಡಿದ ಕಬ್ಬನ್ನು ಮನೆಯಲ್ಲಿಟ್ಟುಕೊಂಡು ಬೆಲೆಗಾಗಿ ಕಾಯಲು ಬಾರದು. ದಿನ ಕಳೆದಂತೆ ತೂಕವೂ ಸಿಹಿಯೂ ಇಳಿಯುತ್ತವೆ. ಕಾರ್ಖಾನೆ ಹೇಳಿದ ದಿನ ಕಡಿಯಬೇಕು, ಕೊಟ್ಟಾಗ ಹಣ ಪಡೆಯಬೇಕು. 2015ರಲ್ಲಿ ಮಂಡ್ಯ ಜಿಲ್ಲೆಯಲ್ಲಿ ಸಾಲುಸಾಲಾಗಿ ರೈತರು ಜೀವ ಕಳೆದುಕೊಂಡಾಗ ನೀರಾವರಿಯ ನಾಡಿನಲ್ಲಿ ಹೀಗೇಕೆಂದು ಪಟ್ಟಣದವರು ಬೆರಗಾದರು. ಬೆರಗಾಗಬೇಕಾದುದಿಲ್ಲ. ಒಲ್ಲೆನೆನ್ನಲಾಗದ ಬೆಳೆ ಬೆಳೆದವನು ಗೋಡೆಯಿಲ್ಲದ ಸೆರೆಯಲ್ಲಿದ್ದಾನೆ.

ಇದಕ್ಕೆ ಎದುರಾಗಿ ನಾಗಮಂಗಲ, ಕೃಷ್ಣರಾಜಪೇಟೆಗಳ ಖುಷ್ಕಿ ಹೊಲವನ್ನು ನೋಡಬೇಕು. ಮಳೆಯನ್ನೇ ನಂಬಿದ ಆ ನೆಲದ ಬೆಳೆ ರಾಗಿ. ರಾಗಿ ತನ್ನ ಹೂವಿನೊಳಗೇ ಪರಾಗಗೊಳ್ಳುವ ಬೆಳೆಯಾದ್ದರಿಂದ ಈ ವರ್ಷದ ಒಳ್ಳೆಯ ತೆನೆ ಮುಂದಿನ ವರ್ಷದ ಬೀಜ. ಅಂಗಡಿಯ ಮುಂದೆ ನಿಲ್ಲಬೇಕಾಗಿಲ್ಲ. ಹುಳು ಸುಲಭವಾಗಿ ಮುಟ್ಟದ ಆ ಕಾಳನ್ನು ಹಿಂದಿನವರು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ಹಗೇವಿನಲ್ಲಿ ರಾಗಿ ಇದ್ದವನು ಸಾಹುಕಾರನಿಗೆ ಒಲ್ಲೆನೆನ್ನಬಲ್ಲವನಾಗಿದ್ದ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯನ್ನೂ ಇಲ್ಲಿನ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ರೂಪಿಸಿದಾಗ ಇಳುವರಿ ಏರಿತು, ಬೀಜ ರೈತನ ಕೈ ತಪ್ಪಲಿಲ್ಲ. ವಿಜ್ಞಾನವೆಂದರೆ ರೈತನನ್ನು ಕಟ್ಟಿಹಾಕುವುದೇ ಆಗಬೇಕಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಇಂದು ಆ ಖುಷ್ಕಿಯವನೂ ನಾಲೆಯವನ ವೈಭವಕ್ಕೆ ಮರುಳಾಗಿ, ಸಾಲ ಮಾಡಿ, ನೂರಾರು ಅಡಿ ಕೊಳವೆ ಬಾವಿ ಕೊರೆಸುತ್ತಾನೆ. ಸ್ವತಂತ್ರನಿದ್ದವನು ತಾನಾಗಿ ಹೋಗಿ ಸೆರೆಯ ಬಾಗಿಲು ತಟ್ಟುವುದೆಂದರೆ ಇದೇ. ಸತ್ಯಾಗ್ರಹಿಯೂ ಬಾಗಿಲು ತಟ್ಟಿದ. ಆದರೆ ಅವನು ಮುಚ್ಚಳಿಕೆಗೆ ಸಹಿ ಹಾಕಲಿಲ್ಲ.

ಮಲೆಯ ಸರದಿ

ಬಯಲಿನ ಈ ನಾಲ್ಕು ತಾಲ್ಲೂಕುಗಳ ಕಥೆ ಮಲೆಗೆ ಕನ್ನಡಿ. ತಲೆಹೊರೆ ಸೌದೆ ತಂದವನ ಮೇಲೆ, ತಾತನ ಕಾಲದಿಂದ ಉತ್ತ ತುಂಡು ನೆಲವನ್ನು ಬಿಡದವನ ಮೇಲೆ ಅರಣ್ಯ ಮೊಕದ್ದಮೆ ಬೀಳುತ್ತದೆ. ಬೆಟ್ಟದ ಬೆನ್ನನ್ನೇ ಸೀಳಿದವನು ದಂಡ ಕಟ್ಟಿ ರಸೀದಿ ಪಡೆದು ಹೊರಡುತ್ತಾನೆ. ಭಾರತದ ಜೈಲುಗಳಲ್ಲಿ 2022ರ ಕೊನೆಗೆ ಇದ್ದವರಲ್ಲಿ ಮುಕ್ಕಾಲು ಪಾಲು ತೀರ್ಪಿಗಾಗಿ ಕಾಯುತ್ತಿದ್ದ ವಿಚಾರಣಾಧೀನರು. ಜಾಮೀನಿಗೆ ಆಸ್ತಿ ತೋರಿಸಲಾಗದ ಬಡವನಿಗೆ ಸ್ವಾತಂತ್ರ್ಯವೆಂಬುದು ಇನ್ನೂ ಒಂದು ಕಾಗದದ ದೂರದಲ್ಲಿದೆ.

"ಹಾಗಾದರೆ ಮನೆ ಕಟ್ಟಲು ಕಲ್ಲು ಬೇಡವೇ? ಮಲೆಯವರಿಗೆ ರಸ್ತೆ ಬೇಡವೇ?" ಎಂಬ ಪ್ರಶ್ನೆ ಬರುತ್ತದೆ. ಬೇಕು. ಆದರೆ ಎಷ್ಟು, ಎಲ್ಲಿ, ಎಂದಿನವರೆಗೆ ಎಂಬುದನ್ನು ಅದರ ಧೂಳು ಕುಡಿಯುವವರು, ಗೋಡೆ ಬಿರಿಯುವ ಮನೆಯವರು ತೀರ್ಮಾನಿಸಬೇಕು. ಎಲ್ಲೆಯನ್ನು ಹೊರಗಿನವರು ಹೇರಿದರೆ ಸೆರೆ. ಊರು ತಾನೇ ಹಾಕಿಕೊಂಡರೆ ಸ್ವಾತಂತ್ರ್ಯ. ಈ ಮಾತಿಗೆ ಕಾನೂನಿನ ಬೆಂಬಲವೂ ಇದೆ: 2006ರ ಅರಣ್ಯ ಹಕ್ಕು ಕಾಯಿದೆ ತನ್ನ ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಯ ಕೈಗೆ ಕೊಟ್ಟಿದೆ. ಆ ಅಧಿಕಾರ ಬಳಸದೆ ಬಿದ್ದಿರುವುದಕ್ಕೆ ಸರ್ಕಾರವೊಂದನ್ನೇ ದೂರಿ ಫಲವಿಲ್ಲ. ಸಭೆಗೆ ಹೋಗದೆ ಹಾಜರಿ ಪುಸ್ತಕಕ್ಕೆ ಮಾತ್ರ ಸಹಿ ಹಾಕಿದ ಕೈಗಳೂ ಉತ್ತರ ಹೇಳಬೇಕು.

ಒಲ್ಲೆನೆಂದವರ ಪರಂಪರೆ ದೂರದ್ದಲ್ಲ. 1983ರಲ್ಲಿ ಸಿರ್ಸಿಯ ಸಾಲ್ಕಣಿಯವರು ಕೊಡಲಿಗೂ ಮರಕ್ಕೂ ನಡುವೆ ನಿಂತು ಮರವನ್ನು ಅಪ್ಪಿಕೊಂಡರು. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನ ಗೋಮಾಳದ ನೀಲಗಿರಿಯನ್ನು ಕಿತ್ತು, ತಮಗೆ ಬೇಕಾದ ಗಿಡ ನೆಟ್ಟು, ಬಂಧನಕ್ಕೆ ಸಿದ್ಧರಾಗಿ ನಿಂತರು. ಕೆಲವು ವರ್ಷಗಳಲ್ಲಿ ಆ ನೆಲವನ್ನು ಪಡೆದಿದ್ದ ಕಂಪನಿಯೇ ಮುಚ್ಚಿತು.

ಮುಂದಿನ ಬಾರಿ ಶಾಲೆಯ ಬಸ್ಸು ಶ್ರೀರಂಗಪಟ್ಟಣದ ಬಂದೀಖಾನೆಯ ಮುಂದೆ ನಿಂತಾಗ ಮೇಷ್ಟರು ಮಕ್ಕಳಿಗೆ ಬೈಲಿಯ ಕಥೆಯನ್ನು ಹೇಳಲಿ. ಅದರ ಜೊತೆಗೆ ಹಂಗರಹಳ್ಳಿಯ ಕಥೆಯನ್ನೂ ಹೇಳಲಿ. ಆಮೇಲೆ ಅವರನ್ನು ಹೊಳೆಯ ದಂಡೆಗೆ ಕರೆದೊಯ್ದು, ಈ ನೀರು ಬಂದ ಊರಿನಲ್ಲಿ ಈಗ ಯಾವ ಗುಡ್ಡಕ್ಕೆ ಅಳತೆಯ ಕಲ್ಲು ನೆಟ್ಟಿದ್ದಾರೆ, ಯಾವ ಕಾಗದಕ್ಕೆ ಯಾರ ಸಹಿ ಕೇಳುತ್ತಿದ್ದಾರೆ ಎಂದು ವಿಚಾರಿಸಲಿ. ಆ ಕಾಗದ ಮಲೆಯ ಮನೆಯ ಜಗಲಿಗೆ ಬಂದಾಗ ಒಲ್ಲೆನೆನ್ನುವ ಒಬ್ಬ ಹುಡುಗ, ಒಬ್ಬ ಹುಡುಗಿ ಅಲ್ಲಿದ್ದರೆ, ಸುಮಾರು ಐನೂರು ಮೈಲಿ ಹರಿದು ಸಮುದ್ರ ಸೇರುವ ಮುನ್ನ ಕಾವೇರಿ ಆ ಕೋಟೆಯ ಗೋಡೆಯನ್ನು ಬಳಸಿ ಹರಿದದ್ದಕ್ಕೆ ಅರ್ಥ ಬಂದೀತು.